ಎರಡನೆಯ ಭಾಗದಲ್ಲಿ ಅಪ್ಪ

ನನ್ನ ಅಪ್ಪ ಸಿನಿಮಾದಲ್ಲಿ ಇರುವುದು ಒಟ್ಟು ಹನ್ನೊಂದು ನಿಮಿಷ. ಮೊದಲ ಭಾಗದಲ್ಲಿ ನಾಲ್ಕು, ಎರಡನೆಯದರಲ್ಲಿ ಏಳು. ಆ ನಾಲ್ಕು ನಿಮಿಷಕ್ಕೆ ಹೆದರಿದ ಮಂದಿಯೂ ಈ ಏಳು ನಿಮಿಷಕ್ಕೆ ನಕ್ಕ ಮಂದಿಯೂ ಇವತ್ತಿಗೂ ಫೋನಿನೊಳಗೆ ಜಗಳಾಡುತ್ತಾರೆ. ಆ ಜಗಳಕ್ಕೆ ಬೆಂಕಿ ಹಚ್ಚಿದವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲಿನಿಂದ ಹೇಳಬೇಕು.

ಅಪ್ಪ ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆಯಾದರೆ ನಾಟಕ. ಮೂವತ್ತು ವರ್ಷ ಹವ್ಯಾಸಿ ತಂಡಗಳಲ್ಲಿ ರಾಜ, ಮಂತ್ರಿ, ಪೊಲೀಸ್ ಪಾಟೀಲ, ಹೆಣ್ಣಿನ ತಂದೆ ಎಲ್ಲ ಆಗಿದ್ದರು. ಅವರ ವಿಶೇಷ ಮಾತಲ್ಲ, ನಿಲ್ಲುವುದು. ರಂಗದ ಮೂಲೆಯಲ್ಲಿ ಸುಮ್ಮನೆ ನಿಂತರೆ ಮಾತಾಡುವವರನ್ನು ಬಿಟ್ಟು ಜನ ಅವರನ್ನೇ ನೋಡುತ್ತಿದ್ದರು. ಉಳಿದ ನಟರಿಗೆ ಇದರಿಂದ ಸಿಟ್ಟು ಬರುತ್ತಿತ್ತು. ನಿವೃತ್ತಿಯ ಮೇಲೆ ಹುಬ್ಬಳ್ಳಿ ನವನಗರದ ಮನೆಯಲ್ಲಿ ನಾವಿಬ್ಬರೇ. ಅವ್ವ ಆಗಲೇ ತೀರಿಹೋಗಿದ್ದಳು. ನಾನು ಮದುವೆಯಾಗಲಿಲ್ಲ. ಗೋಕುಲ ರಸ್ತೆಯ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಬಂದವರಿಗೆ ಗುಳಿಗೆ ಕತ್ತರಿಸಿ ಕೊಡುವುದು, ಊಟದ ಮೊದಲೋ ನಂತರವೋ ಎಂದು ಬರೆದು ಕೊಡುವುದು, ಮತ್ತು ತಪ್ಪದೆ ಒಂದು ಮಾತು ಹೇಳುವುದು: "ನಡುವ ಬಿಡಬ್ಯಾಡ್ರಿ."

ಮೊದಲ ಭಾಗ ತೆಗೆದವನು ನಮ್ಮ ಕಡೆಯ ಹುಡುಗನೇ. ಅಪ್ಪನ ನಾಟಕಗಳನ್ನು ನೋಡಿ ಬೆಳೆದವನು. ಊರ ಹೊರಗೆ ಮುಚ್ಚಿದ ಹತ್ತಿ ಗಿರಣಿಯೊಂದರಲ್ಲಿ ಚಿತ್ರೀಕರಣ. ಕಥೆಯಲ್ಲಿ, ಗಿರಣಿಯ ಗೋದಾಮಿಗೆ ಬೆಂಕಿ ಬಿದ್ದು ಅರಳೆಯ ನಡುವೆ ಸುಟ್ಟು ಸತ್ತ ಕೂಲಿ ಹೆಂಗಸು ದೆವ್ವವಾಗಿದ್ದಾಳೆ. ಅಪ್ಪ ಕಾವಲುಗಾರ. ಗಾಡಿ ಕೆಟ್ಟು ನಿಂತ ಗಂಡ ಹೆಂಡತಿ ಬಾಗಿಲಿಗೆ ಬಂದು, ಒಳಗೆ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾರೆ. ಅಪ್ಪ ಕಂದೀಲು ಎತ್ತಿ ಹಿಡಿಯುತ್ತಾರೆ. ಕೈ ಅಲ್ಲಾಡುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. ಬಹಳ ಹೊತ್ತಾದ ಮೇಲೆ ಹೇಳುತ್ತಾರೆ: "ಒಳಗ ಯಾರೂ ಇಲ್ರಿ. ಹೋದವ್ರು ಹೊರಗ ಬಂದಿಲ್ಲ, ಅಷ್ಟ."

ಚಿತ್ರ ಟಾಕೀಸಿನಲ್ಲಿ ಹೆಚ್ಚು ದಿನ ಓಡಲಿಲ್ಲ. ಆದರೆ ಫೋನಿಗೆ ಬಂದ ಮೇಲೆ ಅದಕ್ಕೊಂದು ಬಳಗವೇ ಹುಟ್ಟಿತು. ಯಾವ ಫ್ರೇಮಿನಲ್ಲಿ ಕಿಟಕಿಯಾಚೆ ಸೀರೆಯ ಅಂಚು ಕಾಣುತ್ತದೆ ಎಂದು ಹುಡುಕಿ ಬರೆಯುವವರು, ಆ ಮುಚ್ಚಿದ ಗಿರಣಿಯ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು. ಬಸ್ಸಿನಲ್ಲಿ ಕಾಲೇಜು ಹುಡುಗರು ಅಪ್ಪನನ್ನು ಗುರುತು ಹಿಡಿದು, "ಅಜ್ಜಾರ, ಒಮ್ಮೆ ಆ ಮಾತ ಹೇಳ್ರಿ" ಎನ್ನುತ್ತಿದ್ದರು. ಅಪ್ಪ ಹೇಳುತ್ತಿರಲಿಲ್ಲ. ಸುಮ್ಮನೆ ಅವರನ್ನು ನೋಡುತ್ತಿದ್ದರು. ಹುಡುಗರಿಗೆ ಅಷ್ಟೇ ಸಾಕಾಗುತ್ತಿತ್ತು.

ಮೂರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಪೂಜೆಗೆ ಕುಳಿತಿದ್ದ ಅಪ್ಪ ನನ್ನನ್ನು ಕರೆದರು. ಎಡ ಅಂಗೈಯ ಮೇಲೆ ಲಿಂಗ ಇತ್ತು. ಅದು ಅಲುಗುತ್ತಿತ್ತು.

"ನಾ ಅಲ್ಲಾಡಸಾಕತ್ತಿಲ್ಲವಾ ಇದನ್ನ," ಎಂದರು.

ನಾನು ನನ್ನ ಕೈಯನ್ನು ಅವರ ಕೈಯ ಕೆಳಗೆ ಇಟ್ಟೆ. ಅವತ್ತು ಪೂಜೆ ಹಾಗೇ ಮುಗಿಯಿತು. ಮುಂದೆ ದಿನವೂ ಹಾಗೇ ಆಯಿತು. ನರರೋಗದ ವೈದ್ಯರು ನಡೆಸಿ ನೋಡಿದರು, ಬರೆಸಿ ನೋಡಿದರು, ಕಾಯಿಲೆಯ ಹೆಸರು ಹೇಳಿದರು. ಆ ಗುಳಿಗೆಗಳನ್ನು ನಾನು ವರ್ಷಗಳಿಂದ ಬೇರೆಯವರಿಗೆ ಕೊಡುತ್ತ ಬಂದಿದ್ದೆ. ದಿನಕ್ಕೆ ನಾಲ್ಕು ಸಲ, ಹೊತ್ತು ತಪ್ಪುವಂತಿಲ್ಲ. ಗುಳಿಗೆ ಹತ್ತಿದಾಗ ಅಪ್ಪ ಹೆಚ್ಚು ಕಡಿಮೆ ಮೊದಲಿನಂತೆ ಇರುತ್ತಿದ್ದರು. ಅದರ ಜೋರು ಇಳಿದಾಗ ಕೈ ಶುರುವಾಗುತ್ತಿತ್ತು, ಕಾಲು ಬಿಗಿಯುತ್ತಿತ್ತು. ಮಧ್ಯಾಹ್ನ ಮಲಗಿದಾಗ ಮಾತ್ರ ಕೈ ಪೂರ್ತಿ ಸುಮ್ಮನಿರುತ್ತಿತ್ತು. ಎಷ್ಟೋ ಸಲ ನಾನು ಊಟಕ್ಕೆ ಮನೆಗೆ ಬಂದು, ತಾಟು ಹಿಡಿದುಕೊಂಡೇ ಆ ಕೈಯನ್ನು ನೋಡುತ್ತ ಕುಳಿತದ್ದಿದೆ.

ನಾಟಕದವರು ಕರೆಯುವುದನ್ನು ಬಿಟ್ಟರು. ಯಾರೂ ಕೆಟ್ಟ ಮನಸ್ಸಿನಿಂದ ಬಿಟ್ಟದ್ದಲ್ಲ. ಅಪ್ಪ ದಿನವಿಡೀ ಕುರ್ಚಿಯಲ್ಲಿ ಕುಳಿತು, ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡಿರುತ್ತಿದ್ದರು.

ಆಗ ನಿರ್ದೇಶಕ ಮನೆಗೆ ಬಂದ. ಎರಡನೆಯ ಭಾಗ ಮಾಡುವವನಿದ್ದ.

"ಈ ಸಲ ಹೆದರಸೂದಿಲ್ರಿ ಅಜ್ಜಾರ, ನಗಸೂದು," ಎಂದ. "ಈಗ ಮಂದಿ ದೆವ್ವ ಕಂಡ್ರ ನಗತಾರ. ಅವ್ರು ನಗೂಕಿಂತ ಮೊದಲ ನಾವ ನಗಿಸಿಬಿಡೂಣು."

ಕಥೆ ಹೇಳಿದ. ಗಿರಣಿಯನ್ನು ಯಾರೋ ಕೊಂಡು ಕಲ್ಯಾಣ ಮಂಟಪ ಮಾಡಿದ್ದಾರೆ. ದೆವ್ವಕ್ಕೆ ಮದುವೆಯ ಬ್ಯಾಂಡಿನ ಹುಚ್ಚು ಹಿಡಿದಿದೆ. ಬೀಗರ ನಡುವೆ ಬಂದು ಕುಣಿಯುತ್ತದೆ, ಬಫೆಯ ಸಾಲಿನಲ್ಲಿ ತಾಟು ಹಿಡಿದು ನಿಲ್ಲುತ್ತದೆ, ರಬ್ಬರಿನ ಕೈ ಕಳಚಿ ಸಾರಿನ ಬಕೆಟ್ಟಿಗೆ ಬೀಳುತ್ತದೆ. ನನಗೆ ಮೈ ಉರಿಯಿತು. ಮೊದಲನೆಯದರಲ್ಲಿ ಆ ಹೆಂಗಸು ಸುಟ್ಟು ಸತ್ತಿದ್ದಳು. ಅಪ್ಪ ಮಾತ್ರ ಕಿವಿಗೊಟ್ಟು ಕೇಳಿದರು. ಕೊನೆಗೆ ಎಡಗೈ ಮೇಲೆತ್ತಿ ತೋರಿಸಿದರು.

ನಿರ್ದೇಶಕನಿಗೆ ಗೊತ್ತಿರಲಿಲ್ಲ. ಆಮೇಲೆ ಅವನು ಮೆಲ್ಲಗೆ ಕೇಳಿದ: "ಅಜ್ಜಾರ, ತಪ್ಪ ತಿಳೀಬ್ಯಾಡ್ರಿ. ಇದನ್ನ ಸಿನಿಮಾದಾಗ ಇಟಗೊಂಡ್ರ?"

ನಾನು ಅಡ್ಡ ಬಾಯಿ ಹಾಕುವಷ್ಟರಲ್ಲಿ ಅಪ್ಪ "ಇಟಗೊಳ್ಳಪಾ" ಎಂದುಬಿಟ್ಟರು. ಅವರ ಮುಖ ಅರಳಿದ್ದನ್ನು ನೋಡಿ ನಾನು ಸುಮ್ಮನಾದೆ.

ಅಂಗಡಿಗೆ ರಜೆ ಹಾಕಿ ಚಿತ್ರೀಕರಣಕ್ಕೆ ನಾನೂ ಹೋದೆ. ಅದೇ ಗಿರಣಿ, ಈಗ ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ಮಾಲೆಗಳು. ಅಪ್ಪನ ದೃಶ್ಯ ಹೀಗಿತ್ತು: ದೆವ್ವ ಅಬ್ಬರಿಸಿಕೊಂಡು ಎದುರಿಗೆ ಬರುತ್ತದೆ. ಅಪ್ಪನ ಕೈಯಲ್ಲಿ ಕಂದೀಲು ಗಡಗಡ ನಡುಗುತ್ತದೆ. ದೆವ್ವಕ್ಕೆ ಖುಷಿಯಾಗಿ, "ಹೆದರಿದಿ ಹೌದಿಲ್ಲೋ ಮುದುಕಾ?" ಎನ್ನುತ್ತದೆ. ಅಪ್ಪ ಹೇಳಬೇಕು: "ಹೆದರಿಲ್ಲವಾ. ಕೈಯ ಹಂಗ ಐತಿ."

ಮೊದಲ ದಿನ ಗುಳಿಗೆ ಚೆನ್ನಾಗಿ ಹತ್ತಿತ್ತು. ಕಂದೀಲು ಅಲ್ಲಾಡಲಿಲ್ಲ. ಅಪ್ಪ ಬೇಕೆಂದೇ ನಡುಗಿಸಿದರು, ಅದು ನಾಟಕದಂತೆ ಕಂಡಿತು. ನಾಲ್ಕೈದು ಸಲ ತೆಗೆದರು. ನಿರ್ದೇಶಕ ತಲೆ ಕೆರೆದುಕೊಂಡು ನಮ್ಮ ಹತ್ತಿರ ಬಂದು ಕುಳಿತ.

"ಮನ್ಯಾಗ ನೋಡಿದ್ನಲ್ಲ, ಹಂಗ ಬರವಲ್ದು," ಎಂದ.

ಅಪ್ಪ ನನ್ನ ಕಡೆ ತಿರುಗಿದರು. "ಯವ್ವಾ, ನಾಳೆ ಗುಳಿಗಿ ಬಿಟ್ರ ಬರತೈತಿ."

"ಅಯ್ಯ, ಅದೆಲ್ಲ ಬ್ಯಾಡ್ರಿ," ಎಂದ ನಿರ್ದೇಶಕ. ಎಂದನೇ ಹೊರತು ನನ್ನ ಮುಖವನ್ನೇ ನೋಡುತ್ತಿದ್ದ.

ಅಲ್ಲಿ ಇದ್ದವರು ನಾವು ಮೂವರೇ. ಬೇಡ ಎಂದು ಗಟ್ಟಿಯಾಗಿ ಹೇಳಬೇಕಾದವಳು ನಾನು. ಇಂಥ ಗುಳಿಗೆಯನ್ನು ತಟ್ಟನೆ ಬಿಟ್ಟರೆ ಏನಾಗುತ್ತದೆ ಎಂದು ಅಲ್ಲಿ ಬಲ್ಲವಳು ನಾನೊಬ್ಬಳೇ. ಆದರೆ ಅಪ್ಪ ಅಷ್ಟು ಆಸೆಯಿಂದ ನೋಡುತ್ತಿದ್ದರು. ಎರಡು ದಿನದ ಮಾತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಗುಳಿಗೆಯ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಆ ದಿನ ದೃಶ್ಯ ಒಂದೇ ಸಲಕ್ಕೆ ಬಂತು. ಕಂದೀಲಿನ ಗಾಜು ತಂತಿಯ ಕಟ್ಟಿಗೆ ಬಡಿದು ಕಟಕಟ ಸದ್ದಾಗುತ್ತಿತ್ತು. ದೀಪ ಹಿಡಿದಿದ್ದ ಹುಡುಗರೂ ನಕ್ಕರು. ಅಪ್ಪ ಮಕ್ಕಳಂತೆ ಸಂತೋಷಪಟ್ಟರು. ಮೂರನೆಯ ದಿನ ಇನ್ನೆರಡು ದೃಶ್ಯ ಉಳಿದಿದ್ದವು, ಅವತ್ತೂ ಬಿಟ್ಟೆವು. ಕೆಲಸ ಮುಗಿದು ಗಾಡಿ ಹತ್ತಲು ಹೊರಟಾಗ ಗಿರಣಿಯ ಬಾಗಿಲಲ್ಲಿ ಅಪ್ಪನ ಕಾಲುಗಳು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟವು. ಮೈ ಮುಂದೆ ಹೋಯಿತು, ಕಾಲು ಬರಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ. ಅವರು ಪಕ್ಕಕ್ಕೆ ವಾಲಿ ಹೊಸ್ತಿಲ ಕಲ್ಲಿನ ಮೇಲೆ ಬಿದ್ದರು. ಬಿದ್ದ ಸದ್ದಿನಲ್ಲೇ ನನಗೆ ಗೊತ್ತಾಯಿತು.

ತೊಡೆಯ ಮೇಲಿನ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಗುಳಿಗೆ ಯಾವಾಗ ಕೊಟ್ಟಿದ್ದಿರಿ ಎಂದು ವೈದ್ಯರು ಕೇಳಿದಾಗ ನಾನು, "ಹೊತ್ತಿಗೆ ಸರಿಯಾಗಿ" ಎಂದೆ. ಸುಳ್ಳು ಶುರುವಾದದ್ದು ಅಲ್ಲಿಂದ. ಅಪ್ಪ ಪಕ್ಕದ ಹಾಸಿಗೆಯಲ್ಲೇ ಇದ್ದರು, ಕೇಳಿಸಿಕೊಂಡರು. ಮುಂದೆ ಅವರು ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡುತ್ತಿದ್ದರು, ಅಷ್ಟೇ. ಹೊರಗೆ ಹೋಗುವುದಾದರೆ ಗಾಲಿ ಕುರ್ಚಿ.

ಚಿತ್ರ ಬಿಡುಗಡೆಯಾದಾಗ ಹುಬ್ಬಳ್ಳಿಯ ಒಂದು ಮಾಲಿನಲ್ಲಿ ಮಧ್ಯಾಹ್ನದ ಆಟಕ್ಕೆ ಹೋದೆವು. ಮೊದಲ ಸಾಲಿನ ತುದಿಯಲ್ಲಿ ಗಾಲಿ ಕುರ್ಚಿ ನಿಲ್ಲಿಸಿದೆ. ಮೊದಲರ್ಧ ಗಂಟೆ ಜನ ಗಲಿಬಿಲಿಯಲ್ಲಿದ್ದರು. ಮೊದಲ ಭಾಗದ ಚಿತ್ರವಿದ್ದ ಕರಿ ಅಂಗಿ ತೊಟ್ಟ ಹುಡುಗರ ಒಂದು ಗುಂಪು, ದೆವ್ವದ ಕೈ ಸಾರಿನ ಬಕೆಟ್ಟಿಗೆ ಬಿದ್ದಾಗ ಎದ್ದು ಹೊರಗೆ ನಡೆಯಿತು. ಹೋಗುತ್ತ ಒಬ್ಬ, "ನಮ್ಮ ಸಿನಿಮಾದ ಹೆಣಾ ತಗದ್ರಲ್ಲಪಾ" ಎಂದು ಕೂಗಿದ. ಹಿಂದಿನ ಸಾಲಿನವರು ಅವನಿಗೇ ಬೈದರು. ಆಮೇಲೆ ಅಪ್ಪ ಬಂದರು. ಪರದೆಯ ತುಂಬ ಅವರ ಕೈ. ಕಂದೀಲು ಕಟಕಟ ಅಂದಿತು. ಒಬ್ಬರು ನಕ್ಕರು, ಹತ್ತು ಜನ ನಕ್ಕರು, "ಕೈಯ ಹಂಗ ಐತಿ" ಎಂದಾಗ ಇಡೀ ಚಿತ್ರಮಂದಿರ ಕುರ್ಚಿ ಬಡಿದು ನಕ್ಕಿತು. ನಗುವಿನಲ್ಲಿ ಮುಂದಿನ ಮಾತು ಯಾರಿಗೂ ಕೇಳಲಿಲ್ಲ.

ನಾನು ಅಪ್ಪನನ್ನು ನೋಡಿದೆ. ಅವರು ಪರದೆಯನ್ನು ನೋಡುತ್ತಿರಲಿಲ್ಲ. ಕುತ್ತಿಗೆ ಕಷ್ಟದಿಂದ ಹಿಂದಕ್ಕೆ ಹೊರಳಿಸಿ ನಗುವವರ ಮುಖಗಳನ್ನು ನೋಡುತ್ತಿದ್ದರು. ಮಡಿಲಲ್ಲಿ ಎಡಗೈ ತನ್ನಷ್ಟಕ್ಕೆ ನಡುಗುತ್ತಿತ್ತು.

ಹೊರಗೆ ಬಂದ ಮೇಲೆ, "ಎಲ್ಲಾರೂ ನಕ್ರು," ಎಂದರು. ಖುಷಿಯೋ ಬೇಸರವೋ ದನಿಯಲ್ಲಿ ತಿಳಿಯಲಿಲ್ಲ. ನಾನೂ ಕೇಳಲಿಲ್ಲ.

ಒಂದು ವಾರದಲ್ಲಿ ಅಭಿಮಾನಿಗಳು ಎರಡು ಪಾಲಾದರು. ಮೊದಲನೆಯದೇ ದೊಡ್ಡದು ಎನ್ನುವವರು ಎರಡನೆಯದನ್ನು ಲೆಕ್ಕದಿಂದಲೇ ತೆಗೆದುಹಾಕಿದರು. ಎರಡನೆಯದನ್ನು ಮೆಚ್ಚಿದವರು ಇವರನ್ನು ಮಡಿವಂತರು ಎಂದು ಹಂಗಿಸಿದರು. ಇಬ್ಬರಿಗೂ ಅಪ್ಪ ಬೇಕಾಗಿದ್ದರು. ಮೊದಲ ಪಾಲಿನ ನಾಲ್ವರು ಹುಡುಗರು ಮನೆಗೇ ಬಂದರು.

"ಅಜ್ಜಾರ, ನಿಮ್ಮನ್ನ ಜೋಕರ್ ಮಾಡ್ಯಾರ," ಎಂದ ಒಬ್ಬ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಇದು ತಪ್ಪು ಅಂತ ನೀವು ಒಂದ ಮಾತ ಹೇಳ್ರಿ, ನಾವು ವಿಡಿಯೋ ಹಾಕತೇವಿ."

"ಜೋಕರ್ ಪಾರ್ಟ್ ಭಾಳ ಕಠಿಣ ಇರತೈತಿ ತಮ್ಮಾ," ಎಂದರು ಅಪ್ಪ. "ನಾ ಮೂವತ್ತ ವರ್ಷ ಕೇಳಿದ್ರೂ ಯಾರೂ ಕೊಟ್ಟಿದ್ದಿಲ್ಲ."

ಹುಡುಗರು ಚಹಾ ಕುಡಿದು, ಕಾಲಿಗೆ ಬಿದ್ದು ಹೋದರು. ಎರಡನೆಯ ಪಾಲಿನವರು ಮನೆಗೆ ಬರಲಿಲ್ಲ. ಅವರು ಚಹಾದ ಲೋಟ ಹಿಡಿದು ಕೈ ನಡುಗಿಸುತ್ತ, ಅಂಗಿಯ ಮೇಲೆಲ್ಲ ಚೆಲ್ಲಿಕೊಳ್ಳುತ್ತ, ಅಪ್ಪನ ಮಾತಿಗೆ ತುಟಿ ಅಲ್ಲಾಡಿಸುವ ರೀಲ್ಸ್ ಮಾಡಿದರು. ಮದುಮಗ ತಾಳಿ ಕಟ್ಟುವಾಗ ಹಾಗೆ ಮಾಡಿದ್ದನ್ನೂ ನೋಡಿದೆ. ಒಂದು ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿಯೊಬ್ಬ ಚೀಟಿ ಕೊಡುತ್ತ ಕೈಯನ್ನು ಗಡಗಡ ಆಡಿಸಿ, "ಹೆದರಿಲ್ಲಕ್ಕಾ, ಕೈಯ ಹಂಗ ಐತಿ" ಎಂದು ನಕ್ಕ. ಅವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಔಷಧಿ ಕೊಟ್ಟು ಕಳಿಸಿದೆ.

ಅವನು ಹೋದ ಮೇಲೆ ಒಳಗಿನ ರ‍್ಯಾಕಿನ ಹಿಂದೆ ಸ್ಟೂಲಿನ ಮೇಲೆ ಕುಳಿತು, ಒಂದು ಸುಳ್ಳು ಹೆಸರಿನಲ್ಲಿ ಖಾತೆ ತೆರೆದು ಬರೆದೆ: ಆ ಮುದುಕನ ಕೈ ನಡುಗುವುದು ನಟನೆಯಲ್ಲ, ಕಾಯಿಲೆ. ನಿಮಗೆ ನಗು ಬರಲಿ ಎಂದು ನಿರ್ದೇಶಕ ಅವರ ಗುಳಿಗೆ ತಪ್ಪಿಸಿದ. ಚಿತ್ರೀಕರಣದಲ್ಲೇ ಬಿದ್ದು ಅವರ ಕಾಲು ಮುರಿಯಿತು.

ಮೂರು ವಾಕ್ಯ. ಮೊದಲನೆಯದೂ ಕೊನೆಯದೂ ನಿಜ.

ಸಂಜೆಯೊಳಗೆ ಅದು ಎಲ್ಲ ಕಡೆ ಹೋಯಿತು. ಮೊದಲ ಭಾಗದವರಿಗೆ ಬೇಕಾದ ಅಸ್ತ್ರ ಸಿಕ್ಕಿತ್ತು. ಪೋಸ್ಟರ್ ಹರಿದರು, ನಿರ್ದೇಶಕನ ಗಾಡಿಗೆ ಮಸಿ ಬಳಿದರು, ಅವನ ತಾಯಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದರು. ಮೊದಮೊದಲು ನನಗೆ ಹಾಯೆನಿಸಿತು. ಅದನ್ನು ಮುಚ್ಚಿಡುವುದಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಆ ಬೈಗುಳಗಳನ್ನು ಒಂದೊಂದಾಗಿ ಓದುತ್ತಿದ್ದೆ.

ನಿರ್ದೇಶಕ ಒಂದು ಭಾನುವಾರ ಮನೆಗೆ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಗುಳಿ ಬಿದ್ದಿದ್ದವು. ಅಪ್ಪನ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತ.

"ಅಜ್ಜಾರ, ನಾ ನಿಮಗ ಗುಳಿಗಿ ಬಿಡ್ರಿ ಅಂದಿದ್ದ್ನೇನ್ರಿ?"

"ಇಲ್ಲ."

"ಮತ್ತ ಈ ಮಾತು ಹೊರಗ ಹೆಂಗ ಹೋತು? ಅವತ್ತ ಅಲ್ಲಿದ್ದವ್ರು ನಾವು ಮೂರ ಮಂದಿ."

ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವನು ಚಹಾ ಮುಟ್ಟದೆ ಎದ್ದು ಹೋದ.

ಬಾಗಿಲು ಹಾಕಿಕೊಂಡು ಬಂದೆ. ಅಪ್ಪ ನನ್ನನ್ನು ಬಹಳ ಹೊತ್ತು ನೋಡಿದರು. ರೆಪ್ಪೆ ಬಡಿಯಲಿಲ್ಲ. ಆ ನೋಟಕ್ಕೆ ಮಂದಿ ಯಾಕೆ ಅಷ್ಟು ಹೆದರಿದ್ದರು ಎಂದು ಅವತ್ತು ತಿಳಿಯಿತು.

"ಯಾಕ ಬರದಿ?" ಎಂದರು.

"ಎಲ್ಲಾರೂ ನಗಾಕತ್ತಿದ್ರಪ್ಪಾ. ತಡಕೊಳ್ಳಾಕ ಆಗಲಿಲ್ಲ."

"ನಕ್ರ ನಗಲಿ. ಅವನ ತಾಯಿ ಏನ ಮಾಡಿದ್ಲು?"

ಅವರ ಮಾತು ಆಗಲೇ ಸಣ್ಣದಾಗಿತ್ತು, ಹತ್ತಿರ ಕುಳಿತರೆ ಮಾತ್ರ ಕೇಳುತ್ತಿತ್ತು. "ಫೋನ್ ತಗೊಂಡ ಬಾ. ನಾ ಹೇಳತೇನಿ, ನೀ ಹಿಡಿ," ಎಂದರು.

ಹಿಡಿದೆ. ಅಂಗಿಯ ಗುಂಡಿ ಹಾಕಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಅಪ್ಪ ಹೇಳಿದರು: "ಗುಳಿಗಿ ಬಿಟ್ಟಾಂವ ನಾನ. ಡೈರೆಕ್ಟರ್ ಬ್ಯಾಡ ಅಂದ್ರು. ನನ್ನ ಮಗಳೂ ಬ್ಯಾಡ ಅಂದಿದ್ಲು. ನಾ ಕೇಳಲಿಲ್ಲ. ಯಾರ ಮ್ಯಾಲೂ ಸಿಟ್ಟ ಮಾಡಬ್ಯಾಡ್ರಿ."

ಮಗಳು ಬೇಡ ಎಂದಿರಲಿಲ್ಲ. ಫೋನು ನನ್ನ ಕೈಯಲ್ಲೇ ಇತ್ತು. ಅಲ್ಲಿಯೇ ನಿಲ್ಲಿಸಿ, "ಅಪ್ಪಾ, ಅದೊಂದ ಮಾತ ತಗೀರಿ" ಎನ್ನಬಹುದಿತ್ತು. ಅನ್ನಲಿಲ್ಲ. ಹಾಗೆಯೇ ಕಳಿಸಿದೆ.

ಅವತ್ತೇ ಕೇಳಿದೆ, "ಟಾಕೀಜಿನ್ಯಾಗ ನಿಮಗ ಬ್ಯಾಸರ ಆಗಲಿಲ್ಲೇನ್ರಿ?"

"ಆತು," ಎಂದರು. "ಆದ್ರ ಮನ್ಯಾಗ ಕುಂತು ಇದನ್ನ ನೋಡಕೋತ ಇರೂಕಿಂತ ಛಲೋ ಇತ್ತು." ಬಲಗೈಯಿಂದ ಎಡಗೈ ಎತ್ತಿ ಮಡಿಲಲ್ಲಿ ಬೇರೆ ಕಡೆ ಇಟ್ಟುಕೊಂಡರು.

ವಿಡಿಯೋದಿಂದ ಜಗಳ ನಿಲ್ಲಲಿಲ್ಲ. ಒಂದು ಪಾಲಿನವರು ಮುದುಕನನ್ನು ಹೆದರಿಸಿ ಹೇಳಿಸಿದ್ದಾರೆ ಎಂದರು. ಇನ್ನೊಂದು ಪಾಲಿನವರು, ನೋಡಿ, ಅಜ್ಜನೇ ನಮ್ಮ ಕಡೆ ಎಂದು ಕುಣಿದರು. ಆ ವಿಡಿಯೋದಲ್ಲೂ ಕೈ ಕಾಣುತ್ತಿತ್ತು, ಅದನ್ನಷ್ಟೇ ಕತ್ತರಿಸಿ ಮದುವೆ ಬ್ಯಾಂಡಿನ ಸದ್ದು ಸೇರಿಸಿ ಹರಡಿದರು. ನಿರ್ದೇಶಕ ಮೂರನೆಯ ಭಾಗದ ಮಾತನ್ನೇ ಬಿಟ್ಟ. ಯಾವುದೋ ಧಾರಾವಾಹಿಗೆ ಸಹಾಯಕನಾಗಿ ಸೇರಿಕೊಂಡ ಎಂದು ಕೇಳಿದೆ.

ಮುಂದಿನ ಎಂಟು ತಿಂಗಳು ಅಪ್ಪ ಇಳಿಯುತ್ತಲೇ ಹೋದರು. ಕಾಲು ಮುರಿಯದಿದ್ದರೂ ಹೀಗೇ ಆಗುತ್ತಿತ್ತೇ ಎಂದು ವೈದ್ಯರನ್ನು ಕೇಳಿದೆ. ಈ ರೋಗ ಹೇಗಿದ್ದರೂ ಮುಂದುವರಿಯುತ್ತದೆ, ಹಾಸಿಗೆ ಹಿಡಿದರೆ ಸ್ವಲ್ಪ ಬೇಗ ಎಂದರು. ಎಷ್ಟು ಬೇಗ ಎಂದು ಕೇಳುವ ಧೈರ್ಯ ಬರಲಿಲ್ಲ. ನುಂಗುವುದು ಕಷ್ಟವಾಯಿತು. ಜೋಳದ ಗಂಜಿಯನ್ನು ಚಮಚದಲ್ಲಿ ಹಾಕಿ ಒಂದೊಂದು ಗುಟುಕಿಗೂ ಕಾಯುತ್ತಿದ್ದೆ. ಒಂದು ದಿನ ಗಂಜಿ ಶ್ವಾಸಕ್ಕೆ ಹೋಗಿ ಕೆಮ್ಮು ಹತ್ತಿತು, ಕೆಮ್ಮು ನ್ಯುಮೋನಿಯಾ ಆಯಿತು. ಐದನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದರು. ಹಿಂದಿನ ದಿನ ನನಗೆ ಏನೋ ಹೇಳಿದ್ದರು. ಎರಡು ಸಲ ಹೇಳಿದರು. ಎರಡು ಸಲವೂ ನನಗೆ ತಿಳಿಯಲಿಲ್ಲ. ತಿಳಿಯಿತೆಂದು ತಲೆಯಾಡಿಸಿದೆ.

ಹೆಬ್ಬಳ್ಳಿ ಅಪ್ಪನ ಊರು. ಅಲ್ಲಿಯೇ ನಮ್ಮವರ ರುದ್ರಭೂಮಿಯಲ್ಲಿ ಕೂಡಿಸಿ ಮಣ್ಣು ಮಾಡಿದೆವು. ನಾಟಕದವರು ಬಂದಿದ್ದರು, ಕಚೇರಿಯವರು ಬಂದಿದ್ದರು. ಕರಿ ಅಂಗಿಯ ಹುಡುಗರು ಒಂದು ಕಡೆ, ರೀಲ್ಸ್ ಮಾಡಿದ ಹುಡುಗರು ಇನ್ನೊಂದು ಕಡೆ ನಿಂತಿದ್ದರು. ಒಬ್ಬರನ್ನೊಬ್ಬರು ಬಲ್ಲರೆಂದು ಕಾಣುತ್ತಿತ್ತು, ಮಾತಾಡಲಿಲ್ಲ. ಎರಡೂ ಕಡೆಯವರು ಫೋನು ಹೊರಗೆ ತೆಗೆಯಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ.

ನಿರ್ದೇಶಕ ಕೊನೆಗೆ ಬಂದ. ಮಣ್ಣು ಹಾಕಿ, ಕೈ ತೊಳೆದುಕೊಂಡು ನನ್ನ ಹತ್ತಿರ ನಿಂತ.

"ಅಕ್ಕಾರ, ಅವತ್ತ ನಾನೂ ಗಟ್ಟ್ಯಾಗಿ ಬ್ಯಾಡ ಅನಲಿಲ್ಲ," ಎಂದ. "ನನಗೂ ಆ ಸೀನ್ ಬೇಕಾಗಿತ್ತು."

ಅವನಿಗೆ ಎಲ್ಲ ಗೊತ್ತಿತ್ತು, ಯಾರ ಮುಂದೆಯೂ ನನ್ನ ಹೆಸರು ಎತ್ತಿರಲಿಲ್ಲ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹಿರಿಯರು ಅವನನ್ನು ಪಕ್ಕಕ್ಕೆ ಕರೆದು ಮಾತಿಗೆ ಹಿಡಿದರು. ಜನ ಚದುರುವಾಗ ಹುಡುಕಿದರೆ ಅವನು ಹೋಗಿಬಿಟ್ಟಿದ್ದ. ಆಮೇಲೆ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ.

ಕ್ರಿಯೆಗಳೆಲ್ಲ ಮುಗಿದು ಅಂಗಡಿಗೆ ಹೋಗಬೇಕಾದ ದಿನ ಬೆಳಿಗ್ಗೆ ಆ ಸುಳ್ಳು ಹೆಸರಿನ ಖಾತೆ ತೆರೆದೆ. ನನ್ನ ಮೂರು ವಾಕ್ಯದ ಕೆಳಗೆ ಜನ ಇನ್ನೂ ಬಡಿದಾಡುತ್ತಿದ್ದರು. ಈಗ ಅಪ್ಪ ತೀರಿಕೊಂಡ ಸುದ್ದಿಯೂ ಸೇರಿ, ಕೊಂದವರು ಯಾರು ಎಂಬ ಮಾತು ನಡೆದಿತ್ತು. ನಾನು ಖಾತೆಯ ಹೆಸರನ್ನು ತಿದ್ದಿ ನನ್ನ ಸ್ವಂತ ಹೆಸರು ಹಾಕಿ ಬರೆದೆ: ನಾನು ಅವರ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಆ ಎರಡು ದಿನ ಅವರಿಗೆ ಗುಳಿಗೆ ಕೊಡದವಳು ನಾನೇ. ನಿರ್ದೇಶಕರ ಬಗ್ಗೆ ಸುಳ್ಳು ಬರೆದವಳೂ ನಾನೇ. ವಿಡಿಯೋದಲ್ಲಿ ಅಪ್ಪ ನನ್ನನ್ನು ಉಳಿಸಲು ಸುಳ್ಳು ಹೇಳಿದರು.

ಕಳಿಸಿ, ಫೋನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಬರಲಿ ಎಂದೇ ಕಾಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಯಾರೋ ಬರೆದರು: "ನಾ ಮಗಳು ಅಂತ ಬರದವ್ರಾಗ ಇಕಿ ನಾಲ್ಕನೇದಾಕಿ. ಫೇಕ್." ಅದಕ್ಕೆ ಎರಡೂ ಪಾಲಿನವರು ಸೇರಿ ನಗುವ ಮುಖಗಳನ್ನು ಒತ್ತಿದರು. ನೋಡುನೋಡುತ್ತ ನನ್ನ ಮಾತು ಮೇಲೆ ಮೇಲೆ ಸರಿಯುತ್ತ ಹೋಗಿ, ಕೆಳಗೆ ಮತ್ತೆ ಅವರದೇ ಜಗಳ ಶುರುವಾಯಿತು. ಒಂಬತ್ತಾಗಿತ್ತು. ಸೀರೆಯ ನೆರಿಗೆ ಸರಿಪಡಿಸಿಕೊಂಡು, ಮನೆಗೆ ಬೀಗ ಹಾಕಿ, ಗೋಕುಲ ರಸ್ತೆಯ ಬಸ್ಸಿಗೆ ನಡೆದೆ.